ಗಾಡಿ ನಡೆಸುವವರ ಉದ್ಯೋಗ

ಚಿಕ್ಕೇರೂರು
11 ಆಗಸ್ಟ್ 2024

ಅಂಬರೀಶನಿಗೆ,

ಬೌದ್ಧ ವಿಹಾರದಲ್ಲಿ ನಿನಗೆ ಇಟ್ಟ ಹೊಸ ಹೆಸರನ್ನು ಲಕೋಟೆಯ ಮೇಲೆ ಬರೆದಿದ್ದೇನೆ, ಅಂಚೆಯವನಿಗೆ ಗೊತ್ತಾಗಲಿ ಎಂದು. ಒಳಗೆ ಬರೆಯುವುದಿಲ್ಲ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ನನಗೆ ನೀನು ಅಂಬರೀಶನೇ.

ಎರಡು ವರ್ಷದ ಹಿಂದೆ ನೀನು ಹೇಳದೆ ಕೇಳದೆ ನೇಪಾಳಕ್ಕೆ ಹೋಗಿ ತಲೆ ಬೋಳಿಸಿಕೊಂಡೆ. ಭಿಕ್ಕುವಾಗುವ ತರಬೇತಿ, ಅದು ಮುಗಿಯುವವರೆಗೆ ಫೋನ್ ಮುಟ್ಟುವ ಹಾಗಿಲ್ಲ ಎಂದು ಒಂದೇ ಒಂದು ಕಾಗದ ಹಾಕಿದೆ. ಫೋನ್ ಇಲ್ಲದ್ದು ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ಬೈಯುತ್ತ ಬೈಯುತ್ತ ಅತ್ತುಬಿಡುತ್ತಿದ್ದೆ. ಕಾಗದದಲ್ಲಿ ಬರೀ ಬೈಯಬಹುದು.

ಹೋಗುವ ಹಿಂದಿನ ದಿನ ನೀನು ಆಡಿದ ಮಾತು ನೆನಪಿದೆಯೇ? ಪಂಚಾಯ್ತಿಯವರು ಕಸದ ಹೊಸ ಎಲೆಕ್ಟ್ರಿಕ್ ಗಾಡಿಯ ಕೀಲಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ಊರ ಮಂದಿಯೆಲ್ಲ ನಿಂತಿತ್ತು. ನೀನು ಮುಂದೆ ಬಂದು, "ಅಪ್ಪನ ಕಸಬರಿಗಿಗೆ ಮೋಟಾರ ಹಚ್ಚಿಕೊಂಡ್ ಬಂದಿಯೇನ ಅಕ್ಕಾ?" ಎಂದೆ. ಯಾರೋ ನಕ್ಕರು. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ.

ಅಪ್ಪ ಫಕ್ಕೀರಪ್ಪ ಹಿರೇಕೆರೂರಿನ ಗಟಾರ ಬಳಿದೇ ಸತ್ತ. ಮನೆಮನೆಯ ಹಿತ್ತಲ ಬಾಗಿಲೇ ಅವನಿಗೆ ದಾರಿ. ನಾನು ಮುಂಬಾಗಿಲಿಗೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತೇನೆ. ಯಾರ ಮನೆಯವರೇ ಇರಲಿ, ತಾವೇ ಬಕೆಟ್ ಹಿಡಿದು ಬರಬೇಕು. ಹಸಿ ಕಸ ಒಣ ಕಸ ಕೂಡಿಸಿ ತಂದರೆ, "ನಾಳಿ ಬ್ಯಾರೆ ಬ್ಯಾರೆ ಮಾಡಿ ತರ್ರಿ" ಎಂದು ವಾಪಸು ಕಳಿಸುತ್ತೇನೆ. ಗೌಡರ ಸೊಸೆಯೂ ಬೇರೆ ಮಾಡಿ ತರುತ್ತಾಳೆ. ಇದನ್ನು ನೋಡಲು ನೀನು ಒಂದು ದಿನವೂ ಊರಲ್ಲಿ ನಿಲ್ಲಲಿಲ್ಲ.

ಈಗ ವಿಷಯ. ಅವ್ವನಿಗೆ ನಿನ್ನನ್ನು ನೋಡಬೇಕಾಗಿದೆ. ನವೆಂಬರಿನಲ್ಲಿ ಬರುತ್ತೇವೆ. ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿ ದಾಟಿದರೆ ಭೈರಹವಾ. ಅಲ್ಲಿ ಎಲೆಕ್ಟ್ರಿಕ್ ಕಾರು ಬಾಡಿಗೆಗೆ ಹಿಡಿದು ಲುಂಬಿನಿ, ಕಪಿಲವಸ್ತು ನೋಡಿಕೊಂಡು, ಗುಡ್ಡ ಹತ್ತಿ ನಿನ್ನ ವಿಹಾರಕ್ಕೆ. ಗಾಡಿ ನಾನೇ ನಡೆಸುತ್ತೇನೆ. ಬೇರೆ ಕಾರು ಆಗುವುದಿಲ್ಲ. ಡೀಸೆಲ್ ವಾಸನೆಗೆ ಅವ್ವ ಪಕ್ಕದ ಹಂಸಭಾವಿ ದಾಟುವುದರೊಳಗೇ ವಾಂತಿ ಮಾಡುತ್ತಾಳೆ, ನಿನಗೆ ಗೊತ್ತು. ನಾನು ಕಲಿತದ್ದೂ ಗೇರು ಕ್ಲಚ್ಚು ಇಲ್ಲದ ಗಾಡಿಯನ್ನೇ.

ಹತ್ತಿಮತ್ತೂರಿನ ಪಂಚಾಯ್ತಿ ಗಾಡಿ ನಡೆಸುವ ಫರ್ಹತ, ಶಿಗ್ಗಾಂವಿಯಲ್ಲಿ ನನ್ನ ಜೊತೆಗೇ ಡ್ರೈವಿಂಗ್ ಕಲಿತವಳು, ಮೊಬೈಲಿನಲ್ಲಿ ಹುಡುಕಿ ಭೈರಹವಾದ ಒಂದು ಬಾಡಿಗೆ ಅಂಗಡಿ ಗೊತ್ತುಮಾಡಿದ್ದಾಳೆ. ಹೊರಗಿನವರು ಸ್ವಂತ ನಡೆಸಬೇಕಾದರೆ ಅಲ್ಲಿಯೇ ಇರುವ ಪರಿಚಯದವರೊಬ್ಬರು ಫಾರ್ಮಿಗೆ ಸಹಿ ಹಾಕಿ ಖುದ್ದಾಗಿ ಕೊಡಬೇಕಂತೆ. ಫಾರ್ಮು ತುಂಬಿ ಇದರೊಳಗೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಅಕ್ಕಿ ಉಪ್ಪು ತರಲು ಕೆಳಗೆ ಇಳಿಯುತ್ತೇನೆ ಎಂದು ಬರೆದಿದ್ದೆಯಲ್ಲ, ಆಗ ಕೊಟ್ಟು ಬಾ. ಅಷ್ಟು ಮಾಡು ಸಾಕು. ಉಪದೇಶ ಬೇಡ.

ನಿನ್ನ ಅಕ್ಕ,
ಸುಜಾತಾ


ಪಾಲ್ಪಾ, ನೇಪಾಳ
9 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕನಿಗೆ,

ಜೈಭೀಮ್. ನಮೋ ಬುದ್ಧಾಯ.

ಸಿಟ್ಟಿನಲ್ಲಿ ಬರೆದ ಕಾಗದಕ್ಕೆ ಸಿಟ್ಟಿನಲ್ಲಿ ಉತ್ತರ ಬರೆಯಬಾರದು ಎನ್ನುತ್ತಾರೆ ನಮ್ಮ ಗುರುಗಳು, ಭಂತೇಜಿ. ಅದಕ್ಕೇ ನಿನ್ನ ಕಾಗದವನ್ನು ಐದು ದಿನ ಹಾಸಿಗೆಯ ಕೆಳಗಿಟ್ಟು ಈಗ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಧ್ಯಾನ, ಆಮೇಲೆ ಪಾಲಿ ಪಾಠ, ಮಧ್ಯಾಹ್ನ ಸೇವೆ. ಸೇವೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಈ ಸಲ ಮಳೆ ಜೋರು, ಗುಡ್ಡದ ರಸ್ತೆ ಎರಡು ಕಡೆ ಕುಸಿದಿದೆ.

ಅಕ್ಕ, ನವೆಂಬರಿಗೇ ಬರುವ ಅವಸರವೇನು? ಬರುವ ಬುದ್ಧಪೂರ್ಣಿಮೆಗೆ ಹಾವೇರಿ ಕಡೆಯ ಉಪಾಸಕರು ಬಸ್ಸು ಮಾಡಿಕೊಂಡು ಲುಂಬಿನಿಗೆ ಬರುವವರಿದ್ದಾರೆ. ಅವರ ಜೊತೆ ಬಂದರೆ ಊಟ ವಸತಿಯ ಚಿಂತೆ ಇರುವುದಿಲ್ಲ. ಅವ್ವ ಗಟ್ಟಿ ಇದ್ದಾಳೆ, ಆರು ತಿಂಗಳಲ್ಲಿ ಏನೂ ಆಗುವುದಿಲ್ಲ. ಕಾರೇ ಬೇಕೆಂದರೆ ಡ್ರೈವರ್ ಇರುವ ಕಾರು ತೆಗೆದುಕೊಳ್ಳಿ. ಪರದೇಶದಲ್ಲಿ, ಗುಡ್ಡದ ದಾರಿಯಲ್ಲಿ, ನೀನೇ ನಡೆಸಿ ಯಾರಿಗೆ ತೋರಿಸಬೇಕಾಗಿದೆ?

ಫಾರ್ಮು ನನ್ನ ಬಳಿ ಇದೆ. ನಿನ್ನ ಉತ್ತರ ನೋಡಿ ಮುಂದುವರಿಯುತ್ತೇನೆ. ಮನಸ್ಸು ಶಾಂತವಾಗಿರಲಿ.

ಅಂಬರೀಶ


ಚಿಕ್ಕೇರೂರು
30 ಸೆಪ್ಟೆಂಬರ್ 2024

ಅಂಬರೀಶ,

ಯಾರಿಗೆ ತೋರಿಸಬೇಕು ಎಂದು ಕೇಳಿದ್ದೀಯ. ನಿನಗೆ. ನಿನಗೇ ತೋರಿಸಬೇಕು. ಮೈಮೇಲೆ ಕಾವಿ ಬಟ್ಟೆ ಬಂದರೂ ಇಷ್ಟು ತಿಳಿಯಲಿಲ್ಲವೇ?

ನನ್ನ ಕಾಗದ ಹಾಸಿಗೆಯ ಕೆಳಗೆ ಐದು ದಿನ ಇತ್ತಂತೆ. ನಿನ್ನ ಕಾಗದ ನನ್ನ ಕೈಗೆ ಬಂದ ಕೂಡಲೇ ಉತ್ತರ ಬರೆಯಲು ಕುಳಿತಿದ್ದೇನೆ. ಸಿಟ್ಟು ಆರಿಸಿಕೊಂಡು ಬರೆಯುವ ಪುರುಸೊತ್ತು ನನಗಿಲ್ಲ. ಬೆಳಿಗ್ಗೆ ಆರೂವರೆಗೆ ಗಾಡಿ ತೆಗೆಯಬೇಕು. ಊರೆಲ್ಲ ಸುತ್ತಿ ಬಂದು ಗಾಡಿ ತೊಳೆದು ಚಾರ್ಜಿಗೆ ಹಚ್ಚಿ, ಅವ್ವನ ಊಟ ನೋಡಿ, ಆಮೇಲೆ ನನ್ನ ಮನಸ್ಸಿನ ಶಾಂತಿ.

ಬುದ್ಧಪೂರ್ಣಿಮೆಯವರೆಗೆ ಆಗುವುದಿಲ್ಲ. ಯಾಕೆ ಎಂದು ಬರೆಯಬೇಡ ಎಂದಿದ್ದಾಳೆ ಅವ್ವ, ಅದಕ್ಕೆ ಬರೆಯುವುದಿಲ್ಲ. ಹುಬ್ಬಳ್ಳಿಗೆ ಮೂರು ಸಲ ಹೋಗಿ ಬಂದಿದ್ದೇವೆ ಎಂದಷ್ಟೇ ತಿಳಿದುಕೋ. ಬಸ್ಸಿನ ಮಾತು ಇನ್ನೊಮ್ಮೆ ಎತ್ತಬೇಡ. ನಲವತ್ತು ಮಂದಿಯ ಬಸ್ಸಿನಲ್ಲಿ ಅವ್ವ ಮೂರು ದಿನ ಹೊಟ್ಟೆ ಹಿಡಿದುಕೊಂಡು ಕೂರಬೇಕೇ?

ಕಾರಿನ ಅಂಗಡಿಯವನು ಫರ್ಹತಳಿಗೆ ಹೇಳಿದ್ದಾನೆ: ಎಲೆಕ್ಟ್ರಿಕ್ ಗಾಡಿ ನಡೆಸಿದ ಅನುಭವ ಇದ್ದವರಿಗೆ ಮಾತ್ರ ಗುಡ್ಡದ ದಾರಿಗೆ ಕೀಲಿ ಕೊಡುತ್ತಾನಂತೆ. ಇಲ್ಲದವರಿಗೆ ತನ್ನ ಡ್ರೈವರನನ್ನು ಕೂರಿಸುತ್ತಾನಂತೆ. ಇಳಿಜಾರಿನಲ್ಲಿ ಬ್ಯಾಟರಿ ತುಂಬಿಸಿಕೊಳ್ಳುವುದು, ಏರಿನಲ್ಲಿ ಉಳಿಸಿಕೊಳ್ಳುವುದು ಗೊತ್ತಿರಬೇಕು ಎಂದ. ನನಗೆ ಗೊತ್ತಿರುವುದೇ ಅದು! ಹಾಗಾಗಿ ನಾನು ಬರೆದದ್ದು ಬರೆದ ಹಾಗೇ ಇರಲಿ. ಗಾಡಿ ನಡೆಸುವವರ ಉದ್ಯೋಗ: ಗ್ರಾಮ ಪಂಚಾಯ್ತಿ ಕಸದ ಗಾಡಿಯ ಚಾಲಕಿ. ಎಲೆಕ್ಟ್ರಿಕ್ ಗಾಡಿಯ ಅನುಭವ: ಎರಡು ವರ್ಷ. ಒಂದಕ್ಷರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬರುವ ತಿಂಗಳು ಕೆಳಗೆ ಇಳಿದಾಗ ಕೊಡದೇ ಇದ್ದರೆ ನಮ್ಮ ನಿನ್ನ ಸಂಬಂಧ ಇಲ್ಲಿಗೆ ಮುಗಿಯಿತು.

ಸುಜಾತಾ


ಪಾಲ್ಪಾ
24 ಅಕ್ಟೋಬರ್ 2024

ಅಕ್ಕನಿಗೆ,

ಫಾರ್ಮು ಕೊಟ್ಟು ಬಂದೆ. ಜೀಪಿನಲ್ಲಿ ಇಳಿಯುವಾಗ ಮಳೆಗೆ ನಿನ್ನ ಫಾರ್ಮು ತೊಯ್ದು ಶಾಯಿ ಹರಡಿತ್ತು. ಅಂಗಡಿಯಲ್ಲೇ ಬೇರೆ ಫಾರ್ಮು ಇಸಿದುಕೊಂಡು ನಾನೇ ತುಂಬಿ ಸಹಿ ಹಾಕಿದೆ. ನವೆಂಬರ್ 18ಕ್ಕೆ ಕಾರು ಇಟ್ಟಿರುತ್ತಾರೆ. ಬಿಳಿ ಬಣ್ಣದ್ದು, ಚಿಕ್ಕದು.

ಅವರೇನಾದರೂ ಡ್ರೈವರ್ ಕೊಟ್ಟರೆ ಬೇಡ ಎಂದು ಜಗಳ ತೆಗೆಯಬೇಡ. ಅವ್ವನ ಮುಂದೆ ರಂಪ ಬೇಡ. ಇಲ್ಲಿ ಈಗಲೇ ಚಳಿ, ಅವ್ವನಿಗೆ ದಪ್ಪ ಶಾಲು ತಾ. ಹುಬ್ಬಳ್ಳಿಗೆ ಯಾಕೆ ಹೋಗಿದ್ದಿರಿ? ಮೊಣಕಾಲು ನೋವು ಹೆಚ್ಚಾಯಿತೇ? ಇಲ್ಲಿ ಒಳ್ಳೆಯ ಎಣ್ಣೆ ಸಿಗುತ್ತದೆ, ತೆಗೆದಿಡುತ್ತೇನೆ.

ಅಂಬರೀಶ


ಚಿಕ್ಕೇರೂರು
3 ಡಿಸೆಂಬರ್ 2024

ಅಂಬರೀಶ,

ವಿಹಾರದ ಗೇಟಿನಲ್ಲಿ ನಿನ್ನೊಡನೆ ನಾನು ಒಂದು ಮಾತೂ ಆಡಲಿಲ್ಲ. ದಾರಿಯ ದಣಿವು ಎಂದುಕೊಂಡಿರಬೇಕು ನೀನು, "ಅಕ್ಕಾ, ಮಲಕ್ಕೋ ಹೋಗ" ಎಂದೆ. ಅವ್ವ ಎದುರಿಗಿದ್ದಳು, ಅದಕ್ಕೆ ಹಲ್ಲು ಕಚ್ಚಿಕೊಂಡಿದ್ದೆ. ಈಗ ಹೇಳುತ್ತೇನೆ, ಕೇಳು.

ಗಡಿಯಿಂದ ಅಂಗಡಿಗೆ ಹೋದೆವು. ಮಾಲೀಕ ವಯಸ್ಸಾದ ಮನುಷ್ಯ, ಒಳ್ಳೆಯವನು. ಅವ್ವನಿಗೆ ಕುರ್ಚಿ ಹಾಕಿ ಚಹಾ ಕೊಟ್ಟ. ಹೊರಗೆ ಬಿಳಿ ಕಾರು ನಿಂತಿತ್ತು, ಅದರ ಪಕ್ಕದಲ್ಲಿ ಡ್ರೈವರ್ ಕೀಲಿ ತಿರುಗಿಸುತ್ತ ನಿಂತಿದ್ದ. ಇವನ್ಯಾಕೆ ಎಂದು ಕೇಳಿದೆ. ನಿಮಗೆ ಅನುಭವವಿಲ್ಲವಲ್ಲ ಮೇಡಂ, ಎಂದ ಮಾಲೀಕ. ಫಾರ್ಮು ತೆಗೆದು ತೋರಿಸಿದ. ನಿನ್ನ ಅಕ್ಷರ. ಮುತ್ತಿನಂಥ ಅಕ್ಷರ.

ಗಾಡಿ ನಡೆಸುವವರ ಉದ್ಯೋಗ: ಶಿಕ್ಷಕಿ. ಎಲೆಕ್ಟ್ರಿಕ್ ಗಾಡಿಯ ಅನುಭವ: ಇಲ್ಲ.

ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಮನೆಯಲ್ಲಿ ಒಬ್ಬರನ್ನೇ ಓದಿಸಲು ಆಗುತ್ತಿತ್ತು, ನೀನು ಓದಿದೆ. ಆ ಓದಿನಿಂದ ನನಗೆ ಶಿಕ್ಷಕಿಯ ಸೋಗು ಹಾಕಿದೆಯಲ್ಲೋ! ಮಳೆಯಂತೆ, ಫಾರ್ಮು ತೊಯ್ದಿತಂತೆ. ಸುಳ್ಳಾಡಬಾರದು ಎಂಬುದು ಐದು ಶೀಲಗಳಲ್ಲಿ ಒಂದು. ನಮ್ಮ ಓಣಿಯ ಮಕ್ಕಳೂ ಬಾಯಿಪಾಠ ಹೇಳುತ್ತವೆ. ನೀನು ಹತ್ತು ಶೀಲ ಹೊತ್ತುಕೊಂಡು ಕೂತಿದ್ದೀಯ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅವ್ವನಿಗೆ ಗೊತ್ತಾಗದಿರಲಿ ಎಂದು ಮಾಲೀಕನನ್ನು ಹೊರಗೆ ಕರೆದೆ. ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ: ನಾನು ಟೀಚರ್ ಅಲ್ಲ, ಊರ ಕಸ ಎತ್ತುವ ಬ್ಯಾಟರಿ ಗಾಡಿ ನಡೆಸುವವಳು. ದಿನಾ ಮುನ್ನೂರ ನಲವತ್ತು ಮನೆ. ಎರಡು ವರ್ಷದಲ್ಲಿ ಒಂದು ಸಲವೂ ಗಾಡಿ ದಾರಿಯಲ್ಲಿ ನಿಂತಿಲ್ಲ. ಮೊಬೈಲಿನಲ್ಲಿದ್ದ ಫೋಟೋ ತೋರಿಸಿದೆ. ಆತ ಫೋಟೋ ನೋಡಿದ, ನನ್ನನ್ನು ನೋಡಿದ. ಅಂಗಡಿಯ ಪಕ್ಕದ ಸಂದಿ ತೋರಿಸಿ, ಇದರಲ್ಲಿ ರಿವರ್ಸ್ ತೆಗೆದು ತೋರಿಸು ಎಂದ. ಎಮ್ಮೆ ಹೋದರೆ ಮನುಷ್ಯ ಗೋಡೆಗೆ ಅಂಟಿ ನಿಲ್ಲಬೇಕಾದ ನಮ್ಮ ಕೆಳಗಿನ ಓಣಿಯಲ್ಲಿ ದಿನಾ ರಿವರ್ಸ್ ಹೋಗುತ್ತೇನೆ ನಾನು. ಒಂದೇ ಉಸಿರಿಗೆ ತೆಗೆದೆ. ಮುದುಕ ನಕ್ಕು ಡ್ರೈವರನ ಕೈಯಿಂದ ಕೀಲಿ ತೆಗೆದು ನನಗೆ ಕೊಟ್ಟ. ಮೊದಲೇ ಹೀಗೆ ಬರೆದಿದ್ದರೆ ಕೇಳುತ್ತಲೇ ಇರಲಿಲ್ಲವಲ್ಲ, ಎಂದ. ಪರದೇಶದವನಿಗೆ ನಾಚಿಕೆ ಆಗಲಿಲ್ಲ. ನಿನಗೆ ಆಯಿತು.

ಕಾರಿನಲ್ಲಿ ಅವ್ವ ಮುಂದಿನ ಸೀಟಿನಲ್ಲಿ ಕುಳಿತಳು. ಸ್ವಲ್ಪ ದೂರ ಹೋದ ಮೇಲೆ, "ಗಾಡಿ ಹೊಂಟೈತೇನ, ಇನ್ನ ನಿಂತೈತೇನ? ಸಪ್ಪಳನ ಇಲ್ಲಲ್ಲ" ಎಂದಳು. ಒಮ್ಮೆಯೂ ವಾಂತಿ ಮಾಡಲಿಲ್ಲ. ಲುಂಬಿನಿಯ ಕಂಬ ಮುಟ್ಟಿದಳು, ಕಪಿಲವಸ್ತುವಿನ ಇಟ್ಟಿಗೆ ಮುಟ್ಟಿದಳು. ದಾರಿಯುದ್ದಕ್ಕೂ "ಈಗೇನ್ ಕಾಣತೈತಿ?" ಎಂದು ಕೇಳುತ್ತಿದ್ದಳು, ನಾನು ಹೇಳುತ್ತ ಹೋದೆ. ಸಾಸಿವೆ ಹೊಲ, ಸೈಕಲ್ ಮೇಲೆ ಹೋಗುವ ಹುಡುಗಿಯರು, ಆಮೇಲೆ ಗುಡ್ಡ. ಏರಿನಲ್ಲಿ ಬ್ಯಾಟರಿ ಇಳಿಯುವುದನ್ನು ನೋಡಿ ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಗೇಟಿಗೆ ಬಂದಾಗ ಇನ್ನೂ ಅರ್ಧ ಉಳಿದಿತ್ತು.

ಅವ್ವ ಯಾಕೆ ಕೇಳುತ್ತಿದ್ದಳು ಎಂದು ಈಗ ಹೇಳುತ್ತೇನೆ. ಅವಳ ಆಣೆ ಮುರಿಯುತ್ತಿದ್ದೇನೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿನ ನರ ಒಣಗಿದೆ, ಮಾಡುವುದೇನೂ ಉಳಿದಿಲ್ಲ, ಹೊಸ ವರ್ಷದ ಹೊತ್ತಿಗೆ ಬೆಳಕೂ ಕಾಣಲಿಕ್ಕಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. "ಅವಂಗ ಬರೀಬ್ಯಾಡ. ಹೆದರಿ ಓಡಿ ಬಂದಾನು. ನಾವ ಹೋಗೂಣು" ಎಂದಳು ಅವ್ವ. ಓಡಿ ಬರುತ್ತೀಯ ಎಂದು ನಂಬಿದ್ದಳು ನೋಡು.

ಗೇಟಿನಲ್ಲಿ ಅವಳು ನಿನ್ನ ಮುಖಕ್ಕೆ ಕೈ ಚಾಚಿದಳು. ನೀನು ಒಂದು ಹೆಜ್ಜೆ ಹಿಂದೆ ಸರಿದೆ. ಹೆಂಗಸರು ಭಿಕ್ಕುಗಳನ್ನು ಮುಟ್ಟಬಾರದು ಎಂಬ ನಿಯಮ, ಗೊತ್ತು. ನಿನಗದು ನಮಸ್ಕಾರದ ಹಾಗೆ ಕಂಡಿರಬೇಕು, ಕೈ ಮುಗಿದೆ. ಅವ್ವನ ಕೈ ಗಾಳಿಯಲ್ಲೇ ನಿಂತಿತ್ತು. ಅವಳು ಅಷ್ಟು ದೂರ ಬಂದದ್ದು ಆ ಕೈಯಿಂದ ನಿನ್ನನ್ನು ನೋಡಲಿಕ್ಕೆ. ಆಮೇಲೆ ಅವಳೇ, "ಹತ್ತ, ಅಕ್ಕ ಒಂದ್ ಸುತ್ತ ಹೊಡಸ್ತಾಳ" ಎಂದಳು. ನೀನು ಕಾರಿನ ಕಡೆ ನೋಡಲೂ ಇಲ್ಲ. "ನಾ ನಡಕೊಂಡ್ ಬರ್ತೇನಿ" ಎಂದು ವಿಹಾರದ ಕಡೆ ಮುಂದೆ ಹೋದೆ. ನಾನು ನಿನ್ನ ಬೆನ್ನ ಹಿಂದೆ ನಡಿಗೆಯ ವೇಗದಲ್ಲಿ ಕಾರು ನಡೆಸಿಕೊಂಡು ಬಂದೆ. ಅದು ನನಗೆ ರೂಢಿ. ಕಸದ ಗಾಡಿ ಹೋಗುವುದು ಅದೇ ವೇಗದಲ್ಲಿ.

ಎಣ್ಣೆಯ ಬಾಟಲಿ ಕೊಟ್ಟೆಯಲ್ಲ, ಮೊಣಕಾಲಿಗೆ ಎಂದು. ಹಾಗೇ ಇಟ್ಟಿದ್ದೇನೆ. ಅವಳ ಮೊಣಕಾಲು ಗಟ್ಟಿ ಇವೆ.

ಸುಜಾತಾ


ಚಿಕ್ಕೇರೂರು
5 ಜನವರಿ 2025

ಅಂಬರೀಶ,

ಉತ್ತರವಿಲ್ಲ. ಕಾಗದ ಹಾಸಿಗೆಯ ಕೆಳಗಿದೆಯೋ, ಮುಟ್ಟಲೇ ಇಲ್ಲವೋ ತಿಳಿಯದು. ಬೆಳಿಗ್ಗೆ ಬಾಗಿಲಿಗೆ ಬರುವ ಬಿಸಿಲನ್ನು ಅವ್ವ ಈಗ ಕೆನ್ನೆಯಿಂದ ತಿಳಿದುಕೊಳ್ಳುತ್ತಾಳೆ. ನಾನು ನಿನ್ನ ಮಾತು ಎತ್ತಿದರೆ, "ಅವಂಗೇನ ಬೈಬ್ಯಾಡ" ಎನ್ನುತ್ತಾಳೆ. ನಾನು ಬೈಯುತ್ತೇನೆ.

ಸುಜಾತಾ


ಪಾಲ್ಪಾ
12 ಜನವರಿ 2025

ಅಕ್ಕಾ,

ನಿನ್ನ ಡಿಸೆಂಬರಿನ ಕಾಗದ ಸಿಕ್ಕಿ ಎರಡು ವಾರದ ಮೇಲಾಯಿತು. ಈ ಸಲ ಹಾಸಿಗೆಯ ಕೆಳಗಿಡಲಿಲ್ಲ. ಮೂರು ಸಲ ಉತ್ತರ ಬರೆದು ಹರಿದೆ.

ಅವ್ವನ ಕೈ ನೋಡಿದ್ದೆ. ಗಾಳಿಯಲ್ಲಿ ನಿಂತದ್ದನ್ನು ನೋಡಿದ್ದೆ. ಆಶೀರ್ವಾದ ಎಂದುಕೊಂಡೆ. ಆ ದಿನ ಸಂಜೆಯವರೆಗೂ ಅವಳು ನನ್ನ ದನಿ ಬಂದ ಕಡೆಗೇ ಮುಖ ತಿರುಗಿಸುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಅದು ತಿಳಿಯಲಿಲ್ಲ.

ಸೇವೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ ಎಂದಿದ್ದೆ. ಒಂದೂವರೆ ವರ್ಷದಿಂದ ನನ್ನ ಸೇವೆ ವಿಹಾರದ ಹನ್ನೊಂದು ಪಾಯಖಾನೆ ತೊಳೆಯುವುದು, ಕಸ ಹೊತ್ತು ಗುಂಡಿಗೆ ಹಾಕುವುದು. ಎಲ್ಲರಿಗೂ ಪಾಳಿ ಇದೆ, ಭಂತೇಜಿಗೂ ಇದೆ. ನನ್ನ ಪಾಳಿ ಮಾತ್ರ ಬದಲಾಗಲಿಲ್ಲ. ಮೊದಲ ದಿನ ಕಸಬರಿಗೆ ಕೊಟ್ಟಾಗ ಇದನ್ನು ಮುಟ್ಟುವುದಿಲ್ಲ ಎಂದಿದ್ದೆ. ಮುಟ್ಟುವುದಿಲ್ಲ ಎನ್ನುವುದು ನಿಲ್ಲುವವರೆಗೆ ಇದೇ ನಿನ್ನ ಪಾಠ ಎಂದರು ಭಂತೇಜಿ. ಪಂಚಾಯ್ತಿಯ ಮುಂದೆ ಅಷ್ಟು ದೊಡ್ಡ ಮಾತಾಡಿ ಬಂದವನು ಇದನ್ನು ನಿನಗೆ ಹೇಗೆ ಬರೆಯಲಿ? ಅಂಗಡಿಯಲ್ಲಿ ಉದ್ಯೋಗದ ಕಾಲಂ ಮುಂದೆ ಕುಳಿತಾಗ ನಿನ್ನ ಕೆಲಸದ ಹೆಸರು ಬರೆಯಲಾಗಲಿಲ್ಲ. ಅಪ್ಪನ ವಾಸನೆ ಬಂದ ಹಾಗಾಯಿತು. ಶಿಕ್ಷಕಿ ಎಂದು ಬರೆದೆ, ಆ ಸುಳ್ಳಿಗೆ ಹೊಂದಲಿ ಎಂದು ಅನುಭವ ಇಲ್ಲ ಎಂದೂ ಬರೆದೆ. ಮಳೆ ಇರಲಿಲ್ಲ. ಫಾರ್ಮು ತೊಯ್ದಿರಲಿಲ್ಲ. ನೀನು ತುಂಬಿದ್ದನ್ನು ನಾನೇ ಹರಿದು ಹಾಕಿದೆ.

ಹೋದ ವಾರ ಭಂತೇಜಿಯ ಮುಂದೆ ಎಲ್ಲ ಹೇಳಿದೆ. ಹೋಗಿ ಸರಿ ಮಾಡಿ ಬಾ ಎಂದರು ಅವರು. ಜೀಪು ಬೇಡ, ನಡೆದು ಹೋಗು ಎಂದರು. ಎರಡು ದಿನ ನಡೆದೆ. ಅಂಗಡಿಯ ಮುದುಕ ನಿನ್ನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದ. ಫಾರ್ಮು ತೆಗೆದುಕೊಟ್ಟ. ಅವನೆದುರಿಗೇ ಹೊಡೆದು ಹಾಕಿ ಸರಿಯಾದದ್ದನ್ನು ಬರೆದು ಮತ್ತೆ ಸಹಿ ಮಾಡಿದೆ. ಅವನು ಅದರ ನಕಲು ಇಟ್ಟುಕೊಂಡು ಅಸಲು ನನಗೇ ಕೊಟ್ಟ. ಇದರ ಜೊತೆ ಇದೆ.

ವೈಶಾಖದಲ್ಲಿ ನನ್ನ ತರಬೇತಿ ಮುಗಿಯುತ್ತದೆ. ಮುಂದಿನ ದೀಕ್ಷೆ ತೆಗೆದುಕೊಳ್ಳುವ ಮೊದಲು ಈ ಕಾವಿ ಚೀವರ ಬಿಚ್ಚಿಟ್ಟು ಊರಿಗೆ ಹೋಗಿ ಬರಲು ಅಪ್ಪಣೆ ಕೇಳಿದ್ದೇನೆ. ಅವ್ವನ ಕೈಗೆ ಮುಖ ಕೊಡಬೇಕು. ಬಂದರೆ ಗಾಡಿಯಲ್ಲಿ ಕೂರಿಸಿಕೊಳ್ಳುತ್ತೀಯಾ?

ಅಂಬರೀಶ


ಚಿಕ್ಕೇರೂರು
9 ಫೆಬ್ರುವರಿ 2025

ಅಂಬರೀಶ,

ಕಾಗದ ಮುಟ್ಟಿತು. ನನ್ನ ಸಿಟ್ಟು ಇಳಿದಿಲ್ಲ. ಎರಡು ದಿನ ನಡೆದೆ ಎಂದು ಬರೆದಿದ್ದೀಯ. ನಾನು ದಿನಾ ಊರು ಸುತ್ತುತ್ತೇನೆ, ಯಾರಿಗೂ ಬರೆದುಕೊಂಡಿಲ್ಲ. ಹನ್ನೊಂದು ಪಾಯಖಾನೆಯ ಮಾತನ್ನು ಒಂದೂವರೆ ವರ್ಷದ ಹಿಂದೆಯೇ ಬರೆದಿದ್ದರೆ ನಿನಗೆ ಅರ್ಧ ಬೈಗುಳ ತಪ್ಪುತ್ತಿತ್ತು. ಗುಂಡಿಗೆ ಹಾಕುತ್ತೀರಂತೆ. ಹಸಿ ಒಣ ಬೇರೆ ಮಾಡುತ್ತೀರೋ ಇಲ್ಲವೋ? ಭಂತೇಜಿಗೆ ಕೇಳು.

ಗಾಡಿಯಲ್ಲಿ ಡ್ರೈವರನ ಪಕ್ಕ ಒಂದೇ ಸೀಟು. ಬಾ. ಬೆಳಿಗ್ಗೆ ಆರೂವರೆಗೆ ಹೊರಡುತ್ತದೆ, ತಡವಾದರೆ ಕಾಯುವುದಿಲ್ಲ. ಗೌಡರ ಮನೆಯ ಮುಂದೆ ಹಾರ್ನ್ ನೀನೇ ಹೊಡಿ.

ಫಾರ್ಮನ್ನು ಅವ್ವನಿಗೆ ಓದಿ ಹೇಳಿದೆ. ಅಂಗಡಿಯಲ್ಲಿ ಅವಳಿಂದ ಮುಚ್ಚಿಟ್ಟದ್ದನ್ನೂ ಹೇಳಿದೆ. ಮೊದಲು ಶಿಕ್ಷಕಿ ಎಂದು ಬರೆದಿದ್ದ ಎಂದಾಗ ಕೈ ಚಾಚಿದಳು. ಆಮೇಲೆ ಕಾಗದ ಇಸಿದುಕೊಂಡು ತೊಡೆಯ ಮೇಲೆ ಹರಡಿಕೊಂಡಳು. ಹೊಡೆದು ಹಾಕಿದ ಜಾಗ ಯಾವುದು ಎಂದು ಕೇಳಿದಳು. ಬೆರಳು ಹಿಡಿದು ಇಟ್ಟೆ. ಅದರ ಪಕ್ಕ ಹೊಸದಾಗಿ ಬರೆದದ್ದರ ಮೇಲೂ ಇಟ್ಟೆ. ಅಕ್ಷರ ಗೊತ್ತಿಲ್ಲದವಳು, ಕಣ್ಣಿಲ್ಲದವಳು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು. ಪೆನ್ನು ಒತ್ತಿದ್ದು ಕಾಗದದ ಹಿಂದಿನ ಮಗ್ಗುಲಿಗೂ ಮೂಡಿದೆ, ತಿರುವಿ ಅಲ್ಲಿಯೂ ಸವರಿದಳು.

"ಇಷ್ಟ ಒತ್ತಿ ಬರದಾನಲ್ಲ," ಎಂದಳು. "ಹಂಗಾರ ಖರೇನ ಬರದಾನ. ಬಾ ಅಂತ ಬರಿ."

ಬರೆದಿದ್ದೇನೆ.

ಸುಜಾತಾ